ಅರ್ಜಿಯ ಮೂರನೇ ಸಾಲು

ರಂಗೋಲಿಗೆ ಇನ್ನೂ ಚುಕ್ಕಿಗಳನ್ನಷ್ಟೇ ಇಟ್ಟಿದ್ದೆ, ಅನಂತರಾಮು ಗೇಟಿನ ಬಳಿ ಬಂದು ನಿಂತರು. ನಮ್ಮ ಚಿಕ್ಕಲಸಂದ್ರದ ಬಡಾವಣೆ ಸಂಘದಲ್ಲಿ ಮಕ್ಕಳ ಫೋಟೋ ಸ್ಪರ್ಧೆ ನಡೆಸುವವರು ಅವರೇ. ಹಾಲು ತರಲು ಹೊರಟರೂ ಕುತ್ತಿಗೆಯಲ್ಲಿ ಕ್ಯಾಮೆರಾ ನೇತಾಡುತ್ತಿರುತ್ತದೆ.

“ಏನಮ್ಮಾ, ನಿಮ್ಮ ಸಿರೀದೇ ಫಸ್ಟು! ಅಜ್ಜಿ ಅಂಗೈ ಮೇಲೆ ಇಷ್ಟಲಿಂಗ, ಪಕ್ಕದಿಂದ ಆ ಬೆಳಕು... ಅಬ್ಬಬ್ಬಾ! ನಿಮ್ಮ ತಮ್ಮನ ಕ್ಯಾಮೆರಾ ಅಲ್ವಾ? ಅಂಥಾ ಲೆನ್ಸಿದ್ರೆ ಮಂಗ ಒತ್ತಿದ್ರೂ ಚೆನ್ನಾಗೇ ಬರುತ್ತೆ ಬಿಡಿ! ಭಾನುವಾರ ಬಹುಮಾನಕ್ಕೆ ಬರೋವಾಗ ಅದನ್ನೂ ತರ್ಲಿ, ಮಕ್ಳು ನೋಡ್ಲಿ.”

“ಆಗ್ಲಿ ಸಾರ್” ಎಂದು ನಕ್ಕೆ. ತಿರುಗಿ ನೋಡಿದರೆ ಮಗಳು ಸಿರಿ ಹೊಸ್ತಿಲಲ್ಲಿ ನಿಂತಿದ್ದಳು.

ಅವಳದು ಮಿಕ್ಸಿ ಕೊಂಡಾಗ ಉಚಿತವಾಗಿ ಬಂದ ಪ್ಲಾಸ್ಟಿಕ್ ಕ್ಯಾಮೆರಾ. ಹಿಂದಿನ ಮುಚ್ಚಳ ನಿಲ್ಲುವುದಿಲ್ಲವೆಂದು ರಬ್ಬರ್ ಬ್ಯಾಂಡ್ ಹಾಕಿದ್ದಾಳೆ. ಫ್ಲ್ಯಾಶ್ ಇಲ್ಲ. ಅದಕ್ಕೇ ದಿನವೂ ನಮ್ಮತ್ತೆ ನೀಲಗಂಗಮ್ಮ ಪೂಜೆಗೆ ಕುಳಿತಾಗ, ಕಿಟಕಿಯ ಬಿಸಿಲು ಅವರ ಅಂಗೈಗೆ ಇಳಿಯುತ್ತದೆಯೇ ಎಂದು ಎದುರಿಗೆ ಕುಳಿತು ಕಾಯುತ್ತಿದ್ದಳು. ಒಂಬತ್ತನೆಯ ದಿನ ಇಳಿಯಿತು. ರೋಲಿನಲ್ಲಿ ಉಳಿದಿದ್ದದ್ದು ಒಂದೇ ಚಿತ್ರ. ಉಸಿರು ಬಿಗಿಹಿಡಿದು ಒತ್ತಿದಳು.

ಸ್ಪರ್ಧೆಯ ಅರ್ಜಿ ತುಂಬಿದವಳು ನಾನು, ಕುಕ್ಕರಿನ ಕೂಗು ಎಣಿಸುತ್ತಾ. ಹೆಸರು, ವಯಸ್ಸು ಆಯಿತು. ಮೂರನೇ ಸಾಲಿನಲ್ಲಿ ‘ಯಾವ ಕ್ಯಾಮೆರಾ?’ ಎಂದಿತ್ತು. ಮಿಕ್ಸಿ ಜೊತೆ ಬಂದದ್ದೆಂದು ಬರೆಯಲು ಕೈ ಬರಲಿಲ್ಲ. ತಮ್ಮ ಶಿವರಾಜನ ದೊಡ್ಡ ಕ್ಯಾಮೆರಾದ ಹೆಸರು ಬರೆದೆ. ಸಿರಿ ಅದನ್ನು ಮುಟ್ಟಿಯೂ ಇಲ್ಲ. ಇಲ್ಲದಿದ್ದರೆ ಅವಳ ಚಿತ್ರವನ್ನು ಯಾರೂ ನೋಡುವುದಿಲ್ಲ, ಅವಳಿಗಾಗಿಯೇ ಬರೆದೆ ಎಂದು ಸಮಾಧಾನ ಹೇಳಿಕೊಂಡಿದ್ದೆ. ಸಂಘದ ಹೆಂಗಸರು ನಕ್ಕಾರೆಂಬ ಅಳುಕು ನನ್ನದು, ಅವಳದಲ್ಲ.

ಅನಂತರಾಮು ಇನ್ನೂ ಬೀದಿಯ ತಿರುವಿನಲ್ಲೇ ಇದ್ದರು. ಕೂಗಿದ್ದರೆ ಕೇಳಿಸುತ್ತಿತ್ತು. ನಾನು ಕೂಗಲಿಲ್ಲ; ಚುಕ್ಕಿಗಳನ್ನು ಹೇಗೋ ಸೇರಿಸಿ ಒಳಗೆ ಬಂದೆ.

ಜಡೆ ಹೆಣೆಯುವಾಗ ದಿನವೂ “ಅಮ್ಮಾ, ನೋಯತ್ತೆ, ಮೆಲ್ಲಗೆ!” ಎಂದು ಕುಣಿದಾಡುವವಳು ಇಂದು ಮಿಸುಕಲಿಲ್ಲ. ನಾನೇ ಕೇಳಿದೆ, “ಬಿಗಿಯಾಯ್ತಾ ಮರಿ?” ಇಲ್ಲವೆಂದು ತಲೆಯಾಡಿಸಿದಳು. ಡಬ್ಬಿಗೆ ಚಿತ್ರಾನ್ನ ತುಂಬುವಾಗ ಪಕ್ಕಕ್ಕೆ ಬಂದಳು. ನೀರಿನ ಬಾಟಲಿ ಎತ್ತಿಕೊಂಡು ಹೋದಳು.

ಶೂ ಹಾಕಿಕೊಂಡು ಬಾಗಿಲವರೆಗೆ ಹೋದವಳು ಮರಳಿ ಬಂದಳು. ಕಪಾಟಿನಿಂದ ತನ್ನ ಕ್ಯಾಮೆರಾ ತೆಗೆದು, ಸಡಿಲವಾಗಿದ್ದ ರಬ್ಬರ್ ಬ್ಯಾಂಡನ್ನು ಇನ್ನೊಂದು ಸುತ್ತು ಸುತ್ತಿದಳು.

“ಅಮ್ಮಾ, ಭಾನುವಾರ ನಾನು ಯಾವ ಕ್ಯಾಮೆರಾ ತಗೊಂಡು ಹೋಗ್ಲಿ?”