ದಿಂಬಿನಲ್ಲಿ ಬಂದ ಬೀಜ

ವಿಮಾನ ನಿಲ್ದಾಣದವರೆಲ್ಲ ಅವಳನ್ನು ‘ಹುಳದ ಮೇಡಂ’ ಅಂತಲೇ ಕರೆಯುತ್ತಿದ್ದರು, ಅದೂ ಮುಖದೆದುರೇ. ಹೊರಗಿನ ಹುಳ, ರೋಗ ನಮ್ಮ ಬೆಳೆಗೆ ತಗಲದಂತೆ, ಹೊರದೇಶದಿಂದ ಬಂದವರ ಚೀಲದಲ್ಲಿ ಬೀಜ, ಗೆಡ್ಡೆ, ಸಸಿ ಏನಿದ್ದರೂ ಹುಡುಕಿ ತೆಗೆಯುವುದು ಅವಳ ಕೆಲಸ. ಜನ ಅದೆಲ್ಲೆಲ್ಲಿ ಬಚ್ಚಿಡುತ್ತಾರೆ ಅಂತೀರಿ! ಕಾಲುಚೀಲದಲ್ಲಿ, ಮಾತ್ರೆ ಡಬ್ಬಿಯಲ್ಲಿ, ಮಗುವಿನ ಗಿಲಕಿಯೊಳಗೆ. ಸಿಕ್ಕಿದ್ದನ್ನೆಲ್ಲ ಮುಲಾಜಿಲ್ಲದೆ ಮೇಜಿನ ಪಕ್ಕದ ಕೆಂಪು ಡಬ್ಬಕ್ಕೆ ಸುರಿಯುತ್ತಿದ್ದಳು. ಸಂಜೆ ಆ ಡಬ್ಬ ಹಿತ್ತಲಿನ ಸುಡುವ ಒಲೆಗೆ ಹೋಗುತ್ತಿತ್ತು.

ಅವತ್ತು ಅವಳ ಅತ್ತೆ ಬರುವವರಿದ್ದರು. ಸಮುದ್ರದಾಚೆಯ ಮಗಳ ಮನೆಯಲ್ಲಿ ಒಂದು ಬೇಸಿಗೆ ಪೂರ್ತಿ ಇದ್ದು ವಾಪಸಾಗುತ್ತಿದ್ದರು. “ನಿನ್ನ ನಾದಿನಿ ಬಾಲ್ಕನಿಯಲ್ಲಿ ನೇರಳೆ ಬೀನ್ಸ್ ಬೆಳೆಸಿದ್ದಾಳೆ, ಏನು ಚೆಂದ ಗೊತ್ತಾ!” ಅಂತ ಫೋನಿನಲ್ಲಿ ಬಾಯ್ತುಂಬ ಹೊಗಳಿದ್ದರು. ಸೊಸೆ ಆಗಲೇ ಖಡಾಖಂಡಿತವಾಗಿ ಹೇಳಿದ್ದಳು: “ಕಣ್ತುಂಬ ನೋಡ್ಕೊಂಡು ಬನ್ನಿ ಅತ್ತೆ. ಬೀಜ ಮಾತ್ರ ತರಬೇಡಿ.” ನನಗೇನು ಅಷ್ಟೂ ತಿಳಿಯಲ್ವಾ ಅಂತ ಅತ್ತೆ ಸಿಡುಕಿ ಮಾತು ಮುಗಿಸಿದ್ದರು.

ವಿಮಾನ ಇಳಿಯಿತು, ಸಾಲು ಬೆಳೆಯಿತು. ಮೊದಲು ಸಿಕ್ಕಿಬಿದ್ದವನು ಒಬ್ಬ ಅಜ್ಜ. ಡಬ್ಬಿಯಲ್ಲಿ ಅದೆಂಥದೋ ಹೂವಿನ ಬೀಜ. ಕೈ ಮುಗಿದ, ಗೋಗರೆದ. ಹುಳದ ಮೇಡಂ ಜಪ್ಪಯ್ಯ ಅಂದರೂ ಬಿಡಲಿಲ್ಲ. ಪಾಪ, ಖಾಲಿ ಡಬ್ಬಿ ಹಿಡಿದುಕೊಂಡು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟ.

ಅಷ್ಟರಲ್ಲಿ ಎಕ್ಸ್‌ರೇ ಯಂತ್ರದವನು ಕೂಗಿದ, “ಮೇಡಂ, ಈ ದಿಂಬು ಸ್ವಲ್ಪ ನೋಡಿ.” ಪ್ರಯಾಣದಲ್ಲಿ ಕತ್ತಿಗೆ ಹಾಕಿಕೊಳ್ಳುವ ದಿಂಬು. ಅಲುಗಾಡಿಸಿದರೆ ಒಳಗೆ ಗಲಗಲ. ಯಾರದ್ದು ಅಂತ ತಲೆಯೆತ್ತಿದಳು, ಎದುರಿಗೆ ಅತ್ತೆ!

“ನನ್ನ ಸೊಸೆ ಕಣ್ರೀ ಇವಳು!” ಅತ್ತೆ ಹಿಂದಿನವರಿಗೆಲ್ಲ ಸಾರಿದರು. “ಇಲ್ಲಿ ಎಲ್ಲಾ ಇವಳದ್ದೇ.” ಆಮೇಲೆ ಮೇಜಿನ ಮೇಲೆ ಬಾಗಿ, “ಸುಮ್ನೆ ಬಿಡೇ,” ಅಂದರು.

ಸೊಸೆ ಹೊಲಿಗೆ ಬಿಚ್ಚಿದಳು. ಹತ್ತಿಯ ಜೊತೆ ಬೀನ್ಸ್ ಬೀಜ ತಟ್ಟೆಯ ತುಂಬ ಉದುರಿತು.

“ಬೇಡ ಅಂದಿದ್ನಲ್ಲ ಅತ್ತೆ?”

“ತಂದೆ. ಏನೀಗ?” ಅತ್ತೆ ಸೊಂಟಕ್ಕೆ ಕೈ ಕೊಟ್ಟರು. “ನನ್ನ ಮಗಳು ನೆಟ್ಟು, ನೀರು ಹಾಕಿ, ಒಣಗಿಸಿ ಕೊಟ್ಟಿದ್ದು. ಅವಳಂತೂ ಈ ಕಡೆ ತಲೆ ಹಾಕಲ್ಲ, ಅವಳ ಬಳ್ಳಿಯಾದ್ರೂ ನನ್ನ ಬಾಗಿಲಿಗೆ ಹಬ್ಬಲಿ ಅಂತ ತಂದೆ. ಒಂದೇ ಒಂದು ಹುಳ ತೋರಿಸು, ನಾನೇ ಬಿಸಾಕ್ತೀನಿ.”

ಸೊಸೆ ಭೂತಗನ್ನಡಿ ಹಿಡಿದಳು. ಹುಳವೂ ಇಲ್ಲ, ತೂತೂ ಇಲ್ಲ. ಒಂದೊಂದು ಬೀಜವೂ ತೊಳೆದಿಟ್ಟ ಹಾಗಿತ್ತು. ಅಯ್ಯೋ, ಒಂದು ಹುಳ ಸಿಕ್ಕಿದ್ದರೆ ಎಷ್ಟು ಸಲೀಸಾಗುತ್ತಿತ್ತು! ಇದನ್ನು ಸುಟ್ಟರೆ ನೆಂಟರು ಸೇರಿದಲ್ಲೆಲ್ಲ ‘ನಾದಿನಿ ಕೊಟ್ಟಿದ್ದಕ್ಕೆ ಬೆಂಕಿ ಇಟ್ಟವಳು’ ಅನ್ನುವ ಮಾತು ತಾನು ಸಾಯುವ ತನಕ ತಪ್ಪಿದ್ದಲ್ಲ. ಅತ್ತೆಯ ಆಸೆ ಅವಳಿಗೆ ತಿಳಿಯದ್ದೇನಲ್ಲ. ಆದರೂ ಭೂತಗನ್ನಡಿ ಕೆಳಗಿಟ್ಟಳು.

“ಕಣ್ಣಿಗೆ ಕಾಣೋ ಹುಳ ಹಿಡಿಯೋಕೆ ನಾನ್ಯಾಕೆ ಬೇಕಿತ್ತು? ಕಾಣದ ರೋಗ ಬೀಜದ ಹೊಟ್ಟೇಲೇ ಕೂತು ಬರುತ್ತೆ. ಮೊದಲು ನಮ್ಮ ಅಂಗಳ, ಆಮೇಲೆ ಊರವರ ಹೊಲ. ಕೊಡಲ್ಲ ಅತ್ತೆ.”

“ನನಗೇ ಕೊಡಲ್ವಾ?”

“ಯಾರಿಗೂ ಕೊಡಲ್ಲ.”

ಗದ್ದಲ ಕೇಳಿ ಒಳಗಿನಿಂದ ದೊಡ್ಡ ಸಾಹೇಬರು ಬಂದರು. ಸಂಬಂಧ ತಿಳಿದದ್ದೇ ತಡ, ಮುಖ ಅರಳಿತು. “ಛೆ ಛೆ, ಮನೆಯವರ ಹತ್ರ ಎಂಥಾ ಕಾನೂನು! ಕೊಟ್ಟು ಕಳಿಸಿ.”

ಹೂಂ ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ಮೇಲಿನವರೇ ಹೇಳಿದ ಮೇಲೆ ಯಾರು ಕೇಳುತ್ತಾರೆ? ಆದರೆ ಬೆಂಚಿನ ಮೇಲಿದ್ದ ಅಜ್ಜ ಎದ್ದು ನಿಂತು ಇತ್ತಲೇ ನೋಡುತ್ತಿದ್ದ.

“ಆಗಲಿ ಸಾರ್,” ಅಂದಳು. “ಆ ಅಜ್ಜನ ಬೀಜಾನೂ ಕೊಟ್ಟುಬಿಡೋಣ. ಡಬ್ಬದಲ್ಲೇ ಇದೆ.”

“ಅದು ಬೇರೆ, ಇದು ಬೇರೆ.”

“ಹೇಗೆ ಬೇರೆ ಸಾರ್?”

ಸಾಹೇಬರ ಮುಖ ಕೆಂಪಾಯಿತು. “ಎದುರು ಮಾತಾಡ್ತೀಯಾ? ದುರಹಂಕಾರಿ! ನಾಳೆಯಿಂದ ಗೋದಾಮಿಗೆ ಹಾಕ್ತೀನಿ, ಮೂಟೆ ಕಾಯ್ಕೊಂಡು ಬಿದ್ದಿರು.”

“ಹಾಕಿ ಸಾರ್. ಇವತ್ತು ಈ ಮೇಜು ನಂದು. ಕೊಡಲ್ಲ.”

ಬೀಜದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಸಾಹೇಬರು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಖಾಲಿ ದಿಂಬು ಮೇಜಿನ ಮೇಲೆ ಧಪ್ಪನೆ ಬಿತ್ತು.

“ಏನ್ರೀ, ಯಾರ್ರೀ ನೀವು?” ಅತ್ತೆ ಗುಡುಗಿದರು. “ನನ್ನ ಸೊಸೆಗೆ ಬೈಯೋಕೆ ನಾನಿದ್ದೀನಿ! ಮನೇಲಿ ಬೈತೀನಿ, ಬೀದೀಲಿ ಬೈತೀನಿ, ಅದು ನಮ್ಮನಮ್ಮಲ್ಲಿ. ಮಧ್ಯೆ ನೀವ್ಯಾರು? ನನ್ನ ಒಂದು ಹಿಡಿ ಬೀಜಕ್ಕೆ ಅವಳನ್ನ ಗೋದಾಮಿಗೆ ಹಾಕ್ತೀರಾ? ಹಾಕಿ ನೋಡೋಣ!”

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರು ಫೋನ್ ಬಂದವರಂತೆ ಕಿವಿಗೆ ಕೈ ಹಚ್ಚಿಕೊಂಡು ಜಾಗ ಖಾಲಿ ಮಾಡಿದರು.

ಅತ್ತೆ ಎರಡೂ ಕೈಯಲ್ಲಿ ಬೀಜ ಬಾಚಿಕೊಂಡರು. ಒಂದು ಕ್ಷಣ ಎದೆಗವಚಿ ನಿಂತರು. ಆಮೇಲೆ ತಾವೇ ಕೆಂಪು ಡಬ್ಬಕ್ಕೆ ಸುರಿದರು. ಅಂಗೈಗೆ ಅಂಟಿದ್ದ ಒಂದನ್ನೂ ಕೊಡವಿದರು.

“ಹೊಟ್ಟೆ ತಣ್ಣಗಾಯ್ತಾ? ಈಗ ನಿನ್ನ ನಾದಿನಿಗೆ ನೀನೇ ಹೇಳು. ನನ್ನ ಬಾಯಲ್ಲಿ ಬರಲ್ಲ.”

ಸೊಸೆ ಅಲ್ಲೇ ನಿಂತು ಫೋನ್ ಮಾಡಿದಳು. “ನೀನು ಕೊಟ್ಟ ಬೀಜ ನಾನೇ ಕಿತ್ಕೊಂಡೆ ಕಣೇ. ಸಂಜೆ ಸುಡ್ತೀನಿ. ಬೈಯೋದಿದ್ರೆ ನನಗೇ ಬೈ.”

ಆ ಕಡೆಯಿಂದ ಸಣ್ಣ ದನಿ ಕೇಳಿತು. “ಅಮ್ಮ ಅಳ್ತಿದ್ದಾಳಾ ಅತ್ತಿಗೆ?”

ಅತ್ತೆ ಫೋನ್ ಕಸಿದುಕೊಂಡರು. “ಯಾರೇ ಅಳೋದು? ನಾನಾ?” ಮೂಗು ಒರೆಸಿಕೊಂಡರು. “ಕೇಳಿಲ್ಲಿ. ಹಿಡಿ ಬೀಜ ಕೊಟ್ಟು ನನ್ನ ಬಾಯಿ ಮುಚ್ಚಿಸಿ ಕಳಿಸಿದ್ಯಲ್ಲ, ಇನ್ನು ಆ ಆಟ ನಡೆಯಲ್ಲ. ಮುಂದಿನ ವರ್ಷ, ಮುಂದಿನ ವರ್ಷ ಅಂತ ರಾಗ ಎಳೀಬೇಡ. ಬೀಜ ಬೇಡ, ಬಳ್ಳಿ ಬೇಡ, ನೀನೇ ಬಾ. ಬರಿಗೈಲಿ ಬಾ. ನಿನ್ನನ್ನ ಇವಳು ಅದು ಹೇಗೆ ತಡೀತಾಳೋ ನಾನೂ ನೋಡ್ತೀನಿ!”