ವನಜಾಕ್ಷಿಗೆ ನಿದ್ದೆ ಹತ್ತಿತು

ಕೂಲರಿನ ಹಸಿ ಹುಲ್ಲಿನ ವಾಸನೆ ಮೂಗಿನ ಹೊಸ್ತಿಲ ತನಕ ಬಂದು ಒಳಗೆ ಬಾರದೆ ನಿಂತಿದೆ, ಯಾಕೆ ನಿಂತಿತು, ತಾನೇ ಎಳೆದುಕೊಳ್ಳಬೇಕಲ್ಲವೇ, ಹೌದು, ಉಸಿರು, ವನಜಾಕ್ಷಿ ನೆನಪು ಮಾಡಿಕೊಂಡು ಒಂದನ್ನು ಎಳೆದುಕೊಂಡಳು, ಹುಟ್ಟಿದಾಗಿನಿಂದ ತಾನಾಗಿಯೇ ನಡೆದ ಕೆಲಸ, ಇವತ್ತು ಮೈಗಳ್ಳ ಆಳಿಗೆ ಹೇಳಿದಂತೆ ಹೇಳಿ ಹೇಳಿ ಮಾಡಿಸಬೇಕಾಗಿದೆ — ನೋವಿಲ್ಲ, ಅದೇ ಸೋಜಿಗ, ಮುರಿದ ಸೊಂಟದ್ದೂ ಇಲ್ಲ, ಹುಣ್ಣು ಒಣಗಿ ಚಳಿಗಾಲ ಕಳೆದರೂ ಪಕ್ಕೆ ಬಳಸಿ ಉರಿಯುತ್ತಿದ್ದ ಸರ್ಪಸುತ್ತಿನದೂ ಇಲ್ಲ, ಅದರ ತಲಿ-ಬಾಲ ಕೂಡಬಾರ್ದವಾ, ಕೂಡಿದ್ರ ಮನಷ್ಯಾ ಉಳಿಯಾಂಗಿಲ್ಲ, ಧಾರವಾಡದ ಅಜ್ಜಿ ಹೆದರಿಸುತ್ತಿದ್ದಳು, ಈ ಊರಿನ ಧರಮಪೇಠ ಬಡಾವಣೆಯ ನರದ ಡಾಕ್ಟರು ಅದನ್ನು ಕೇಳಿ ನಕ್ಕು ಕ್ಯಾಪ್ಸೂಲು ಬರೆದುಕೊಟ್ಟರು, ಆಮೇಲೆ ಬಚ್ಚಲಲ್ಲಿ ಜಾರಿದ್ದು, ಮೂಳೆ ಡಾಕ್ಟರು ಕೇಳಿದ್ದು, ಬಿಪಿ-ಶುಗರ್ ಕುಛ್ ಹೈ ಕ್ಯಾ, ಗಂಡ ಸಿದ್ದಲಿಂಗಯ್ಯನವರು ಮದುವೆಗೆ ಹೆಣ್ಣು ತೋರಿಸುವವರ ಗತ್ತಿನಲ್ಲಿ, ಕುಛ್ ನಹೀ ಸಾಬ್, ಏಕದಂ ಫಿಟ್, ತಾನೂ ತಲೆಯಾಡಿಸಿದ್ದು, ಸುಳ್ಳೇನಲ್ಲ, ಬಿಪಿಯೂ ಇಲ್ಲ ಶುಗರೂ ಇಲ್ಲ, ನರದ ಕ್ಯಾಪ್ಸೂಲು ಯಾರಿಗೆ ನೆನಪಾಗಬೇಕು — ಮೂಳೆಯವರು ಕೊಟ್ಟದ್ದು ಜೋರು ನೋವಿನ ಮಾತ್ರೆ, ಅಫೀಮಿನ ಜಾತಿಯದು, ಆ ಕ್ಯಾಪ್ಸೂಲಿನ ಜೊತೆ ಕೂಡಿದರೆ ಉಸಿರನ್ನೇ ಮಲಗಿಸುವಂಥದು, ಊಟವಾದ ಮೇಲೆ ಎರಡನ್ನೂ ಒಂದೇ ಗುಟುಕಿಗೆ ನುಂಗಿದಳು, ಅಂಗೈಯಲ್ಲಿ ಎಷ್ಟು ಸಾಧುವಾಗಿ ಮೈಗೆ ಮೈ ತಾಗಿಸಿ ಕುಳಿತಿದ್ದವು, ಈಗ ಒಳಗೆ, ಕತ್ತಲಲ್ಲಿ, ತಲೆ ಬಾಲವನ್ನು ಹುಡುಕಿಕೊಂಡು ಬರುತ್ತಿದೆ, ಉಸಿರು ವನಜಾಕ್ಷಿ, ಉಸಿರು, ಎಳೆದಳೋ, ಎಳೆದೆನೆಂದುಕೊಂಡಳೋ.

ಬಾಗಿಲಲ್ಲಿ ಮಗಳು ಮೃದುಲಾ, ಅಪ್ಪಾ, ಚಹಾ ಆಗೇತಿ, ಅವ್ವನ್ನ ಎಬ್ಬಸ್ಲೇನು, ಎಬ್ಬಿಸು ತಾಯಿ, ಕೂಗು, ಕೆನ್ನೆಗೆ ಬಾರಿಸು, ನಾಲಿಗೆ ಮಾತ್ರ ಹೊರಳದು, ಬ್ಯಾಡ ಬಿಡವಾ, ಗಂಡನ ಪಿಸುಮಾತು, ಎಷ್ಟ್ ದಿನದ ಮ್ಯಾಲೆ ಕಣ್ಣ್ ಹತ್ಯಾವ, ಪಾಪ, ಗೊರಕಿ ಸೈತ ಹೊಡೀವಲ್ಲಳು ನೋಡು, ಕೂಸು ಮಲಗಿದಂಗ ಮಲಗ್ಯಾಳ — ಅಯ್ಯೋ ಪುಣ್ಯಾತ್ಮ, ಗೊರಕೆ ಯಾಕಿಲ್ಲ ಎಂದು ಕೇಳಬಾರದೇ, ಹೊದಿಕೆ ಸರಿಮಾಡುವ ಕೈ, ಆ ಕೈಯ ಪ್ರೀತಿಗೆ ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು, ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಪಾಳಿ ಮುಗಿಸಿ ಬಂದು ಜೀವಮಾನವಿಡೀ ಬಾಗಿಲನ್ನು ಧಡಾರನೆ ಹಾಕಿ ಬೈಸಿಕೊಂಡ ಗಂಡಸು, ಇವತ್ತೂ ಹಾಗೆಯೇ ಹಾಕಲಿ ದೇವರೇ, ಒಂದು ಸಲ, ಆ ಸದ್ದಿಗಾದರೂ ಎದೆ ಬೆಚ್ಚಿ ಏಳಲಿ, ತುದಿಗಾಲಲ್ಲಿ ಹೋಗುತ್ತಿದ್ದಾರೆ, ರೆಪ್ಪೆಯ ಸಂದಿಯಲ್ಲಿ ಹೊರಗಿನ ಬೆಳಕಿನ ಪಟ್ಟಿ, ಸಣ್ಣದಾಗುತ್ತ, ಉಸಿರು, ಮುಂದಿನದು, ಎಲ್ಲಿ, ಬೆಳಕು ಗೆರೆಯಾಗಿ, ಇನ್ನೂ ಸಣ್ಣಗೆ, ಅವರು ಬಾಗಿಲನ್ನು ಎಂದೂ ಇಲ್ಲದಷ್ಟು ಮೆಲ್ಲಗೆ ಮುಚ್ಚುತ್ತಿದ್ದಾರೆ