ಮಲಗಿದ ಗಿಡಕ್ಕೆ ಅರ್ಧ ಬಟ್ಟಲು

ಒದ್ದೆ ವಾಸನೆ, ಕೊಳೆತ ಆಲೂಗಡ್ಡೆಯದ್ದು, ಜೆರೇನಿಯಂ ಎಲೆ ತಾಕಿದರೆ ಸಾಕು ಮೂಗಿಗೆ ಹೊಡೆಯುತ್ತಿದ್ದ ಆ ಖಾರದ ಘಮ ಎಲ್ಲಿ ಹೋಯಿತು, ಬುಡ ಒತ್ತಿದರೆ ಬೆರಳೇ ಒಳಗೆ ಇಳಿಯುತ್ತದೆ, ಥೂ, ಇರಲಿ, ಹೆದರುವವಳಲ್ಲ ನಾನು, ಚಳಿಗಾಲಕ್ಕೆ ಈ ಕಾಲಿಪಾ ಹೆದರಿದ್ದು ಯಾವತ್ತು, ಕರಾಕೋಲ್‌ನ ಈ ಬೀದಿಯಲ್ಲಿ ಎಲ್ಲರ ಡೇರೆ ಹೂವಿನ ಗೆಡ್ಡೆಗಳೂ ನೆಲಮಾಳಿಗೆಯಲ್ಲಿ ಹೆಪ್ಪುಗಟ್ಟಿ ಸತ್ತ ವರ್ಷ ನನ್ನವು ಒಣ ಮರಳಿನಲ್ಲಿ ಹಾಯಾಗಿ ಮಲಗಿ ಎದ್ದಿದ್ದವು, ಚಾಕು ಎಲ್ಲಿ, ಇಲ್ಲೇ ಕಿಟಕಿಯ ಕಟ್ಟೆಯ ಮೇಲೆ, ಪಕ್ಕದಲ್ಲಿ ಆ ನೀಲಿ ಅಂಚಿನ ಬಟ್ಟಲು, ಅದರಲ್ಲಿ ಅರ್ಧ ನೀರು — ಇವತ್ತು ಬೆಳಗಿನದು, ಗಿಡಕ್ಕೆಂದು ಜಿಬೆಕ್ ತಂದಿಟ್ಟದ್ದು, ಅರ್ಧವೇ, ಯಾವಾಗಲೂ ಅರ್ಧ. ಸೊಸೆ ಅಂದರೆ ಸೊಸೆ, ಸೇಬು ಕೊಯ್ಯುವ ಕಾಲಕ್ಕೆ ನನ್ನ ಮಗ ಎರ್ಮೆಕ್ ಮದುವೆಯಾಗಿ ತಂದ ಹುಡುಗಿ, ಬಿಳಿ ತಲೆವಸ್ತ್ರ, ತಗ್ಗಿದ ಕಣ್ಣು, ಅತ್ತೆಗೆ ಬೆನ್ನು ತೋರಿಸಬಾರದೆಂದು ಕಲ್ಲಿದ್ದಲಿನ ಬಕೆಟ್ ಹಿಡಿದುಕೊಂಡೂ ಹಿಂದೆ ಹಿಂದೆ ಹೆಜ್ಜೆಯಿಟ್ಟೇ ಹೊರಗೆ ಹೋಗುವವಳು, ಒಂದು ದಿನ ಹೊಸಿಲು ಎಡವಿ ಬಕೆಟ್ ಸಮೇತ ಬಿದ್ದಳು, ಬಿದ್ದಾಗಲೂ ಮುಖ ನನ್ನ ಕಡೆಗೇ ಇತ್ತು, ನಗು ತಡೆಯೋಕಾಗದೆ ನಾನು ಒಲೆಯ ಕಡೆ ತಿರುಗಿದ್ದೆ. ಒಳ್ಳೆಯ ಹುಡುಗಿ, ತೀರಾ ಒಳ್ಳೆಯವಳು, ಅದೇ ತೊಂದರೆ.

ಬಿಷ್ಕೆಕ್‌ನಲ್ಲಿ ಅಕ್ಕ ಜಾರಿ ಬಿದ್ದು ಸೊಂಟ ಮುರಿದುಕೊಂಡಳು, ಮೊದಲ ಹಿಮಕ್ಕೆ ನಾನು ಹೊರಟೆ, ಗಿಡಗಳನ್ನೆಲ್ಲ ಗೇಣುದ್ದ ಉಳಿಸಿ ಕತ್ತರಿಸಿ ಗಾಜಿನ ಜಗಲಿಯಲ್ಲಿ ಸಾಲಾಗಿ ಇಟ್ಟಿದ್ದೆ, ಒಲೆಯಿಲ್ಲದ ತಂಪು ಜಾಗ, ಹೆಪ್ಪುಗಟ್ಟಿಸುವ ಚಳಿಯೂ ಅಲ್ಲ ಬಿಸಿಯೂ ಅಲ್ಲ, ನೀರು ಅಂದರೆ ಮಣ್ಣು ಬಿರಿದಾಗ ನಾಲ್ಕು ಹನಿ, ವಸಂತದವರೆಗೆ ಅವುಗಳ ಪಾಡಿಗೆ ಅವು ನಿದ್ದೆ ಮಾಡಲಿ ಅಂತ — ಆದರೆ ಇದನ್ನೆಲ್ಲ ಹೇಳಿದೆನೇ, ಇಲ್ಲ, ಕಾರು ಹತ್ತುತ್ತಾ ದೊಡ್ಡ ಗತ್ತಿನಲ್ಲಿ ಅಂದದ್ದು ಒಂದೇ ಮಾತು, ಮಗಳೇ, ಆ ಕಡುಗೆಂಪು ಗಿಡ ನಮ್ಮತ್ತೆ ಕಾಲದ್ದು, ನನ್ನನ್ನ ಹೇಗೆ ನೋಡ್ಕೋತೀಯೋ ಹಾಗೇ ನೋಡ್ಕೋ. ನೋಡಿಕೊಂಡಳು! ಹಾಗೇ ನೋಡಿಕೊಂಡಳು! ನಿನ್ನೆ ವಾಪಸು ಬಂದು ಚೀಲ ಇಳಿಸುವ ಮೊದಲೇ ಪಕ್ಕದ ಮನೆಯ ಜುರಾ ಬೇಲಿಯ ಮೇಲೆ ಕತ್ತು ಚಾಚಿ, ಬಂದ್ಯಾ ಕಾಲಿಪಾ, ಹೋಗಿ ನೋಡು ನಿನ್ನ ರಾಣೀನ, ಒಲೆ ಪಕ್ಕ ಕಂಬಳಿ ಮೇಲೆ ಕೂರ್ಸಿದಾಳೆ ನಿನ್ನ ಸೊಸೆ, ಬೆಳಿಗ್ಗೆ ಅರ್ಧ ಬಟ್ಟಲು, ಸಂಜೆ ಅರ್ಧ ಬಟ್ಟಲು, ನೆಂಟರಿಗೆ ಚಹಾ ಬಗ್ಗಿಸಿದ ಹಾಗೆ, ಮಲಗಿರೋ ಗಿಡಕ್ಕೆ ಯಾಕೇ ನೀರು ಕುಡಿಸ್ತೀಯ ಅಂದ್ರೆ, ಎಜೆ, ಅಕ್ಕಾ, ಅಪಾ ಹೇಳಿ ಹೋಗಿದಾರೆ ಅಂತಾಳಪ್ಪ, ಅಪಾ ಅಂದ್ರೆ ನೀನೇ ಅಲ್ವಾ, ಅತ್ತೆ. ನೀನು ಆ ಗಿಡದಿಂದ ಕದ್ದುಕೊಂಡು ಹೋದ ಕಡ್ಡಿ ಏನಾಯ್ತೇ ಅಂತ ನಾನು ಕೇಳಿದರೆ ಜುರಾ ಮೂಗು ಒರೆಸಿಕೊಂಡು, ಅದಾ, ಅದು ಜನವರಿ ಚಳೀಲೇ ಹೋಯ್ತು. ಅಂದರೆ ಉಳಿದದ್ದು ಇದೊಂದೇ, ಅತ್ತೆಯ ಕೆಂಪು ಇನ್ನೆಲ್ಲೂ ಇಲ್ಲ. ಆಮೇಲೆ ದನಿ ತಗ್ಗಿಸಿ ಜುರಾ ಹೇಳಿದ್ದು ಇನ್ನೊಂದು, ಅತ್ತೆ ಗಿಡ ಕೊಂದ ಸೊಸೇನ ಯಾರು ಇಟ್ಕೋತಾರೆ ಅಂತ ಸುಮ್ನೆ ತಮಾಷೆಗೆ ಅಂದೆ ಕಣೇ, ಅವಳ ಮುಖ ಬಿಳಿಚ್ಕೊಂಡ್ಬಿಡ್ತು. ನಿನ್ನ ನಾಲಿಗೆಗಿಷ್ಟು ಬೆಂಕಿ ಹಾಕ ಜುರಾ, ರಾತ್ರಿ ನೋಡಿದೆ ನಾನು, ಜಿಬೆಕ್‌ಳ ಬಟ್ಟೆಯ ಗಂಟು ಬಾಗಿಲ ಹಿಂದೆ, ಬಿಗಿಯಾಗಿ ಕಟ್ಟಿದ್ದು, ನೋಡಿಯೂ ನೋಡದವಳ ಹಾಗೆ ಮಲಗಿದೆ, ನಿದ್ದೆ ಎಲ್ಲಿಯದು.

ಕೊಯ್ಯಬೇಕು, ಕೊಳೆತ ಬುಡದಿಂದ ಮೇಲಕ್ಕೆ, ಒಂದೊಂದೇ ಗೆಣ್ಣು, ಇಲ್ಲಿ ಕಪ್ಪು, ಚಾಕು ಒರೆಸು, ಮತ್ತೆ ಕೊಯ್ಯಿ, ಕಂದು, ಇನ್ನೂ ಮೇಲೆ, ನಡುವೆ ಕಂದು ಚುಕ್ಕೆ, ಈ ಕವಲು ಮುಗಿಯಿತು, ಆ ಕವಲೂ ಮುಗಿಯಿತು, ಒಲೆಯ ಬಿಸಿಗೆ ಬೆಳೆದು ಸೊರಗಿದ ಕೊಂಬೆಗಳು, ಅರ್ಧ ಬಟ್ಟಲು ಚಹಾ ಅಂದರೆ ನಮ್ಮಲ್ಲಿ ಇನ್ನೂ ಕೂತಿರಿ ಅಂತ ಅರ್ಥ, ತುಂಬ ಬಗ್ಗಿಸಿದರೆ ಕುಡಿದು ಎದ್ದು ಹೊರಡಿ ಅಂದ ಹಾಗೆ, ಹುಡುಗಿ ಚಳಿಗಾಲವಿಡೀ ಈ ಗಿಡಕ್ಕೆ ಇರು ಇರು ಅನ್ನುತ್ತಲೇ ಇದ್ದಳಲ್ಲ, ಅಯ್ಯೋ ನನ್ನ ಕಂದಾ, ಇನ್ನೊಂದು ಗೆಣ್ಣು — ಹಾ! ಹಸಿರು! ಸೌತೆಕಾಯಿ ಹೋಳಿನ ಹಾಗೆ ಶುದ್ಧ ಹಸಿರು, ತುದಿಯಲ್ಲಿ ಎರಡು ಬೆರಳುದ್ದ, ಎರಡು ಎಲೆ, ಮೂಗಿಗೆ ಹಿಡಿದರೆ ಅದೇ ಖಾರ, ಹೇಳಲಿಲ್ಲವೇ ನಾನು. ಗಾಯ ಒಣಗಬೇಕು, ಹಸಿಯಾಗಿ ಮಣ್ಣಿಗಿಟ್ಟರೆ ಮತ್ತೆ ಕೊಳೆಯುತ್ತದೆ, ಕಿಟಕಿಯ ಕಟ್ಟೆಯ ಮೇಲೆ, ನೆರಳಿಗೆ, ಹೀಗೆ, ಮತ್ತೆ ಯಾರು ನೆಡಬೇಕು, ನಾನೇ ನೆಟ್ಟರೆ ಬೇರು ಬಿಟ್ಟೇ ಬಿಡುತ್ತದೆ, ಅನುಮಾನವೇ ಇಲ್ಲ, ಆದರೆ ಅತ್ತೆ ನನ್ನ ಮದುವೆಯ ಮೊದಲ ವಸಂತದಲ್ಲಿ ಇದೇ ಕಿಟಕಿಯಲ್ಲಿ ಒಂದು ಕಡ್ಡಿ ಕೊಯ್ದಿಟ್ಟು, ಕೇಳಿ ತಗೊಂಡ ಕಡ್ಡಿ ಬೇರು ಬಿಡಲ್ಲ ಕಣೇ, ಕೊಟ್ಟಿದ್ದೂ ಬಿಡಲ್ಲ, ಕದ್ದಿದ್ದೇ ಬಿಡೋದು, ಅಂತ ಯಾರಿಗೋ ಹೇಳಿದ ಹಾಗೆ ಹೇಳಿ ನನಗೆ ಬೆನ್ನು ಹಾಕಿ ನಿಂತರಲ್ಲ, ಆ ಅಗಲ ಬೆನ್ನು, ನಾನು ಕಡ್ಡಿಯನ್ನು ಅಂಗಿಯ ತೋಳಿನೊಳಗೆ ತುರುಕಿಕೊಂಡು ಓಡಿದೆ, ಆ ಹೊತ್ತಿನಿಂದ ಈ ಮನೆ ನನ್ನದು. ಬಾಗಿಲ ಬಳಿ ಹೆಜ್ಜೆ, ಜಿಬೆಕ್, ಕೆಟಲ್ ಹಿಡಿದಿದ್ದಾಳೆ, ಅಪಾ, ಸತ್ತೋಯ್ತಾ ಅದು, ಕಣ್ಣು ಊದಿದೆ, ಅಪಾ, ನಾನೇ ಕೊಂದೆ, ನಾನು ಮಧ್ಯಾಹ್ನದ ಬಸ್ಸಿಗೆ — ಏನು ಗೊಣಗ್ತೀಯೇ, ನನಗೆ ಕಿವಿ ಮಂದ ಆಗಿದೆ, ಚಹಾ ಬಗ್ಗಿಸಿ ಹೋಗು, ಮತ್ತೆ ಕೇಳು, ಈ ಕಡ್ಡಿ ಒಣಗೋಕೆ ಇಟ್ಟಿದೀನಿ, ಇರೋದೇ ಇದೊಂದು, ಕೇಳಿದ್ರೆ ಕೊಡಲ್ಲ, ಕೊಟ್ರೆ ಬದುಕಲ್ಲ, ಯಾರಾದ್ರೂ ಕದ್ರೆ ನಾನು ಹೊಣೆಯಲ್ಲ, ನಾನಂತೂ ಆ ಇನ್ನೊಂದು ಕಿಟಕೀಲಿ ಬೆಟ್ಟ ನೋಡ್ತಾ ನಿಂತಿರ್ತೀನಿ. ತಿರುಗಿದೆ, ಬೆನ್ನು ಅವಳ ಕಡೆಗೆ, ಬೆಟ್ಟದ ಮೇಲೆ ಹಿಮ ಹಾಗೇ ಇದೆ, ಕೆಳಗೆ ನಮ್ಮ ಸೂರಿನಿಂದ ಹನಿ ಹನಿ ಸುರಿಯುತ್ತಿದೆ, ಕಳ್ಳತನ ಬರುತ್ತದೆಯೇ ಈ ಹುಡುಗಿಗೆ, ಬೆನ್ನು ತೋರಿಸಲೂ ಬಾರದವಳಿಗೆ, ಏನೂ ಸದ್ದಿಲ್ಲ, ಗಂಟಿನ ಕಡೆ ಹೋದಳೇ, ಇಲ್ಲ, ಬಟ್ಟಲಿನ ನೀರು ಕಿಟಕಿಯಾಚೆ ಚೆಲ್ಲಿದ ಸದ್ದು, ಕೆಟಲ್ ಎತ್ತಿದಳು, ಬಗ್ಗಿಸುತ್ತಿದ್ದಾಳೆ, ಸುರಿಯುತ್ತಿದೆ, ಇನ್ನೂ ಸುರಿಯುತ್ತಿದೆ, ಸಾಕು ಕಣೇ, ಸಾಕು, ತುಂಬಿಸಬೇಡ, ನಿಂತಿತು, ಎಷ್ಟು, ತಿರುಗಬಾರದು ಇನ್ನೂ, ದಡದಡ ಓಡುವ ಹೆಜ್ಜೆ, ಹಿಂದಕ್ಕಲ್ಲ, ನೇರವಾಗಿ, ಬೆನ್ನು ಕೊಟ್ಟು ಓಡುವವರ ಹೆಜ್ಜೆ, ಬಾಗಿಲು, ಈಗ ತಿರುಗಿದೆ — ಕಟ್ಟೆಯ ಮೇಲೆ ಕಡ್ಡಿ ಇಲ್ಲ, ನೀಲಿ ಅಂಚಿನ ಬಟ್ಟಲು, ಹಬೆ, ಅರ್ಧ, ಅರ್ಧವೇ